ನೌಕರಿ ಬಿಡುವ ಮುನ್ನ

"ಈ ಗಾರ್ಮೆಂಟ್ಸ್ ಕೆಲಸ ಸಾಕು, ಮನೆಯಲ್ಲೇ ಹೊಲಿಗೆ ಹಾಕುತ್ತೇನೆ" ಎಂದು ಯೋಚಿಸುತ್ತಿರುವ ಸಹೋದರಿಯರು ನಮ್ಮಲ್ಲಿ ಅನೇಕರಿದ್ದಾರೆ. ಮುಂಜಾನೆಯ ಬಸ್ಸು, ಮೇಲ್ವಿಚಾರಕನ ಗದರಿಕೆ, ಮಗುವಿಗೆ ಜ್ವರ ಬಂದರೂ ಸಿಗದ ರಜೆ. ಕಾರಣಗಳು ಸುಳ್ಳಲ್ಲ. ಆದರೆ ರಾಜೀನಾಮೆ ಬರೆಯುವ ಮುನ್ನ ನೀವು ಸ್ವಲ್ಪ ನಿಲ್ಲಬೇಕು.

ಮನೆಯ ದುಡಿಮೆ ಕೀಳೆಂದು ಯಾರೂ ಭಾವಿಸಬಾರದು. ಪ್ರವಾದಿ ದಾವೂದರು(ಅ) ಸ್ವಂತ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಹಝ್ರತ್ ಝೈನಬ್ ಬಿಂತಿ ಜಹ್ಶ್(ರ) ಚರ್ಮ ಹದಮಾಡಿ, ಹೊಲಿದು, ಬಂದುದನ್ನು ದಾನ ಮಾಡುತ್ತಿದ್ದರು. ಸಂಬಳದ ಕೆಲಸವೂ ಕೀಳಲ್ಲ. ಹಝ್ರತ್ ಅಬೂಬಕರ್(ರ) ಖಲೀಫರಾದ ಬಳಿಕವೂ ಬಟ್ಟೆ ಹೊತ್ತು ಪೇಟೆಗೆ ಹೊರಟಿದ್ದರು. ಸಂಗಾತಿಗಳು ತಡೆದು ಬೈತುಲ್ ಮಾಲ್‌ನಿಂದ ವೇತನ ಗೊತ್ತುಪಡಿಸಿದರು. ಆದ್ದರಿಂದ ಯಾವುದು ಶ್ರೇಷ್ಠ ಎಂಬುದಲ್ಲ, ನಿಮ್ಮ ಮೇಲಿರುವ ಹಕ್ಕುಗಳು ಯಾವುದರಿಂದ ಈಡೇರುತ್ತವೆ ಎಂಬುದೇ ಪ್ರಶ್ನೆ.

ಲೆಕ್ಕದಿಂದಲೇ ಆರಂಭಿಸಿ. ಕೈಗೆ ಬರುವ ಸಂಬಳವನ್ನು ಮಾತ್ರ ಎಣಿಸುವುದು ನಮ್ಮ ಅಭ್ಯಾಸ. ಭವಿಷ್ಯನಿಧಿಗೆ ಮಾಲಿಕನು ಸೇರಿಸುವ ಪಾಲು, ಇ.ಎಸ್.ಐ. ಚಿಕಿತ್ಸೆ, 26 ವಾರಗಳ ವೇತನಸಹಿತ ಹೆರಿಗೆ ರಜೆ, ಇವೂ ನಿಮ್ಮ ಗಳಿಕೆಯೇ. ಖಾಯಂ ಕೆಲಸಗಾರರಿಗೆ ಗ್ರಾಚುಯಿಟಿ ಸಿಗಲು ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಬೇಕು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ 7,500. 5 ವರ್ಷಕ್ಕೆ 37,500. ಅವಧಿ ತುಂಬಲು ಇನ್ನು ಕೆಲವೇ ತಿಂಗಳಿರುವಾಗ ಕೋಪದಲ್ಲಿ ಎದ್ದು ಬಂದರೆ ಇಷ್ಟು ಹಣ ಕೈತಪ್ಪೀತು. ಭವಿಷ್ಯನಿಧಿಯ ಮಾಸಿಕ ಪಿಂಚಣಿಗೆ 10 ವರ್ಷಗಳ ಸೇವೆ ಬೇಕೆಂಬುದೂ ನೆನಪಿರಲಿ. ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು ಲೆಕ್ಕ ಹಾಕುವುದನ್ನು ವಿಶ್ವಾಸದ ಕೊರತೆಯೆಂದು ತಿಳಿಯಬೇಕಿಲ್ಲ.

ಮನೆಗೆಲಸದ ದರ ಯಾರ ಕೈಯಲ್ಲಿರುತ್ತದೆ ಎಂಬುದನ್ನೂ ನೋಡಿ. ದಕ್ಷಿಣ ಕನ್ನಡದ ಬೀಡಿ ಕಟ್ಟುವ ತಾಯಂದಿರನ್ನು ಕೇಳಿ, ಅವರು ಹೇಳುತ್ತಾರೆ. ಸಾವಿರ ಬೀಡಿಗೆ ಇಂತಿಷ್ಟು ಕೂಲಿ; ಎಲೆ ಕೆಟ್ಟದಾಗಿದ್ದರೂ, ಬೀಡಿ ತಿರಸ್ಕೃತವಾದರೂ ನಷ್ಟ ಕಟ್ಟಿದವಳದೇ. ಹೊಲಿಗೆಯಲ್ಲಿ ನೀವೇ ದರ ಹೇಳಬಹುದು ನಿಜ, ಆದರೆ ಹಬ್ಬಕ್ಕೆ ಮುನ್ನ ರಾಶಿ ಬೀಳುವ ಬಟ್ಟೆ ಹಬ್ಬದ ಮರುದಿನ ಇರುವುದಿಲ್ಲ. ನೆರೆಹೊರೆಯವರು "ಆಮೇಲೆ ಕೊಡುತ್ತೇನೆ" ಎಂದರೆ ಕೇಳಲು ನಾಚಿಕೆ. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ವಿಷಯ, ಇದನ್ನು ಬಹುಮಂದಿ ಹಗುರವಾಗಿ ಕಾಣುತ್ತಾರೆ. ಸಂಬಳ ಪಡೆಯುವ ಹೊತ್ತಿನಲ್ಲಿ ಸ್ವಂತ ಗಿರಾಕಿಯ ಕೆಲಸ ಮಾಡುವುದು, ಕಾರ್ಖಾನೆಯ ನೂಲು, ಗುಂಡಿಗಳನ್ನು ಚೀಲಕ್ಕೆ ಹಾಕಿಕೊಳ್ಳುವುದು, ಮುಂಗಡ ಸೂಚನೆ ಕೊಡದೆ ಮಾಯವಾಗುವುದು, ಇವೆಲ್ಲ ಅಮಾನತ್ತಿನ ದ್ರೋಹ. ಮಾಲಿಕನು ಒರಟನೆಂಬುದು ಇದಕ್ಕೆ ಸಮರ್ಥನೆಯಾಗದು. ಕರಾರುಗಳನ್ನು ಪಾಲಿಸಬೇಕೆಂಬ ಕುರ್‌ಆನಿನ ಆಜ್ಞೆ ಒಳ್ಳೆಯ ಮಾಲಿಕರಿಗೆ ಮಾತ್ರ ಸೀಮಿತವಾಗಿಲ್ಲ.

ಗಂಡಂದಿರಿಗೂ ಒಂದು ಮಾತು. ಪತ್ನಿ ಮನೆಯಲ್ಲಿದ್ದಾಳೆಂದರೆ ಆಕೆಗೆ ಬಿಡುವಿದೆ ಎಂದರ್ಥವಲ್ಲ. ಮಿಷನ್ನಿನ ಮುಂದೆ ಕುಳಿತವಳನ್ನು ಗಂಟೆಗೆ ನಾಲ್ಕು ಬಾರಿ ಚಹಾಕ್ಕೆಂದು ಎಬ್ಬಿಸಿದರೆ ಆ ಉದ್ಯೋಗ ನಡೆಯದು. ಆಕೆಯ ಗಳಿಕೆ ಆಕೆಯದು. ಮನೆಯ ಖರ್ಚಿನ ಹೊಣೆ ನಿಮ್ಮದು.

ಮನೆಯವರೊಂದಿಗೆ ಸಮಾಲೋಚಿಸಿ, ಎರಡು ರಕಅತ್ ನಮಾಝ್ ಮಾಡಿ ಇಸ್ತಿಖಾರದ ಪ್ರಾರ್ಥನೆ ಸಲ್ಲಿಸಿರಿ. ಕನಸು ಬೀಳಲಿಲ್ಲವೆಂದು ಕಾಯುತ್ತಾ ಕೂರಬೇಡಿ, ಅದಕ್ಕೆ ಕನಸಿನ ಷರತ್ತಿಲ್ಲ. ಸಾಲವಿದ್ದರೆ ಮೊದಲು ಅದರ ಕಂತುಗಳನ್ನು ನೋಡಿ. ವಾರದ ರಜೆಯಲ್ಲಿ ಮೂರು ತಿಂಗಳು ಹೊಲಿದು ಬಂದ ಹಣವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕವನ್ನು ಮುಂದಿಟ್ಟುಕೊಂಡು ಮನೆಯವರೊಂದಿಗೆ ಮತ್ತೊಮ್ಮೆ ಕುಳಿತುಕೊಳ್ಳಿ.