ಹನ್ನಳ ಚಿಕ್ಕ ನಿಲುವಂಗಿ

(ಓದತಕ್ಕ ಭಾಗ: 1 ಸಮುವೇಲ 1:20–28 ಮತ್ತು 2:18–21)

ಪರದೇಶಕ್ಕೆ ಹೋಗಿ ಸುವಾರ್ತೆಯನ್ನು ಸಾರಿದ ಮಿಶನೆರಿಗಳ ವಿಷಯವಾಗಿ ಸಭೆಗಳಲ್ಲಿ ಮಾತು ಬಂದಾಗ ಸಮುದ್ರದ ಬಿರುಗಾಳಿ, ಬಿಸಿಲು, ಜ್ವರ, ಊರವರ ವಿರೋಧ ಇವುಗಳನ್ನೇ ನಾವು ಹೇಳಿಕೊಳ್ಳುತ್ತೇವೆ. ಇವೆಲ್ಲಾ ನಿಜವೇ. ಆದರೆ ಅವರ ಮನೆಯ ಬಾಗಿಲೊಳಗೆ ನಡೆದ ಒಂದು ಸಂಗತಿಯನ್ನು ಹೇಳುವವರು ಕಡಿಮೆ. ಈ ತಿಂಗಳ ಪಾಠದಲ್ಲಿ ಅದನ್ನು ವಿಚಾರಿಸಬೇಕೆಂದಿದ್ದೇವೆ.

ಹನ್ನಳ ಕಥೆಯು ನಿಮಗೆ ತಿಳಿದದ್ದೇ. ಕಣ್ಣೀರಿಟ್ಟು ಬೇಡಿ ಪಡೆದ ಮಗನನ್ನು ಆಕೆಯು ಮೊಲೆಬಿಡಿಸಿದ ಮೇಲೆ ಶೀಲೋವಿಗೆ ಕರಕೊಂಡು ಹೋಗಿ, ಯಾಜಕನಾದ ಏಲಿಯ ಬಳಿಯಲ್ಲಿ ಬಿಟ್ಟುಬಂದಳು. ಅನಂತರ ವರುಷ ವರುಷವೂ ಚಿಕ್ಕ ನಿಲುವಂಗಿಯೊಂದನ್ನು ಮಾಡಿಕೊಂಡು ಹೋಗಿ ಅವನಿಗೆ ಕೊಡುತ್ತಿದ್ದಳು. ಪ್ರಸಂಗಗಳಲ್ಲಿ ಹನ್ನಳ ಪ್ರಾರ್ಥನೆಯನ್ನೂ ಹರಕೆಯನ್ನೂ ವಿಸ್ತಾರವಾಗಿ ಹೇಳುವ ನಾವು ಈ ಅಂಗಿಯ ಮಾತನ್ನು ದಾಟಿಬಿಡುತ್ತೇವೆ. ಬೆಳೆಯುವ ಹುಡುಗನಿಗೆ ಕಳೆದ ವರುಷದ ಅಂಗಿ ಈ ವರುಷ ಸಾಲದು. ಮಗನು ಎಷ್ಟು ಬೆಳೆದಿದ್ದಾನೆಂದು ವರುಷಕ್ಕೊಮ್ಮೆಯಾದರೂ ಕಣ್ಣಾರೆ ಕಂಡವಳಾದದರಿಂದ ಆಕೆಗೆ ಅಳತೆ ತಿಳಿಯುತ್ತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಕನ್ನಡ ನಾಡಿಗೆ ಮಿಶನೆರಿಗಳು ಅನೇಕ ಸಂಘಗಳಿಂದ ಬಂದರು. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಅಯ್ಯನವರು 1810ರಲ್ಲಿ ಬಳ್ಳಾರಿಗೆ ಬಂದು, ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸದಲ್ಲಿ ಬಹು ವರುಷ ದುಡಿದರು. ಅದು 1831ರಲ್ಲಿ ಪೂರ್ತಿಯಾಯಿತು. ಆದರೆ ಈ ಪಾಠಕ್ಕೆ ನಾವು ತೆಗೆದುಕೊಳ್ಳುವದು ಬಾಸೆಲ್ ಮಿಶನಿನವರ ದೃಷ್ಟಾಂತವನ್ನು. ಆ ಸಂಘವು 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿತು. 1834ನೆಯ ಅಕ್ಟೋಬರ್ ತಿಂಗಳಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರನ್ನು ಸೇರಿದರು. ಸುವೇಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಬರಬೇಕಾಗಿತ್ತು.

ಇವರ ದಿನಚರಿಯಲ್ಲಿ ಅದ್ಭುತವೇನೂ ಇರಲಿಲ್ಲ. ಬಂದವನಿಗೆ ಮೊದಲನೆಯ ಕೆಲಸ ಭಾಷೆ ಕಲಿಯುವದು. ಮುನಶಿಯ ಮುಂದೆ ಚಿಕ್ಕ ಹುಡುಗನ ಹಾಗೆ ಕೂತು ಅಕ್ಷರ ತಿದ್ದಬೇಕು. ಬೀದಿಯಲ್ಲಿ ಬಾಯಿ ತೆರೆದರೆ ಜನರ ನಗುವನ್ನು ಸಹಿಸಬೇಕು. ಎಲ್ಲರಿಗೂ ಈ ವರವಿರಲಿಲ್ಲ. ಹೆಬಿಕ್ ಅಯ್ಯನವರು ಇಪ್ಪತ್ತೈದು ವರುಷ ಇಲ್ಲಿ ಇದ್ದರೂ ದೇಶಭಾಷೆಯು ಅವರಿಗೆ ಒಗ್ಗಲೇ ಇಲ್ಲ. ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಾರುತ್ತಿದ್ದರು. ಅದಕ್ಕೆ ಪ್ರತಿಯಾಗಿ 1836ರಲ್ಲಿ ಬಂದ ಮೋಗ್ಲಿಂಗ್ ಅಯ್ಯನವರು ಕನ್ನಡವನ್ನು ಎಷ್ಟು ಬೇಗ ವಶಮಾಡಿಕೊಂಡರೆಂದರೆ, 1843ನೆಯ ಜುಲೈ ತಿಂಗಳಲ್ಲಿ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕಿಟ್ಟೆಲ್ ಅಯ್ಯನವರು 1853ರಲ್ಲಿ ಬಂದರು. ಸುಮಾರು 70,000 ಶಬ್ದಗಳಿರುವ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ನಾಲ್ವತ್ತೊಂದು ವರುಷಗಳನ್ನು ನೀವೇ ಲೆಕ್ಕಹಾಕಿ ನೋಡಿರಿ.

ಭಾಷೆ ಬಂದ ಮೇಲೆ ಶಾಲೆ, ಸಂತೆ, ಜಾತ್ರೆ. ಬೇಸಿಗೆಯಲ್ಲಿ ಎತ್ತಿನ ಬಂಡಿಯಲ್ಲಿಯೋ ಕುದುರೆಯ ಮೇಲೋ ಹಳ್ಳಿಗಳನ್ನು ಸುತ್ತುವದು. ಕರಾವಳಿಯ ಮಳೆ ಹಿಡಿದ ಮೇಲೆ ಮನೆಯಲ್ಲಿ ಕೂತು ಬರೆಯುವದು, ತಿದ್ದುವದು, ಬಾಸೆಲಿಗೆ ವರದಿ ಕಳುಹಿಸುವದು. ಅವರಿಗೆ ಸಂಬಳವೆಂಬದಿರಲಿಲ್ಲ, ಜೀವನಕ್ಕೆ ಬೇಕಾದಷ್ಟು ಹಣ ಸಂಘದಿಂದ ಬರುತ್ತಿತ್ತು.

ಮದುವೆಯೂ ಅವರ ಸ್ವಂತ ಇಷ್ಟದ ಮಾತಾಗಿರಲಿಲ್ಲ. ಬಂದು ಎರಡು ವರುಷ ಕೆಲಸಮಾಡಿದ ಮೇಲೆಯೇ ಬಾಸೆಲಿನ ಕಮಿಟಿಯವರ ಅಪ್ಪಣೆಯನ್ನು ಬೇಡಬಹುದಾಗಿತ್ತು. ಅಪ್ಪಣೆಯಾದರೆ ಅಲ್ಲಿಂದ ಒಬ್ಬ ಕನ್ಯೆಯು ಹಡಗು ಹತ್ತಿ ಬರುವಳು. ಬಹಳ ಸಾರಿ ವಧೂವರರು ಒಬ್ಬರನ್ನೊಬ್ಬರು ಸರಿಯಾಗಿ ಅರಿತವರೇ ಅಲ್ಲ. ಇದನ್ನು ಕೇಳಿದರೆ ನಮ್ಮ ಹಳ್ಳಿಯ ಹಿರಿಯರಿಗೇನೂ ಆಶ್ಚರ್ಯವಾಗದು. ಮರಣವೂ ಆ ಮನೆಗಳಿಗೆ ದೂರವಾಗಿರಲಿಲ್ಲ. ಮೋಗ್ಲಿಂಗರ ಬಂಧುವೂ ಕನ್ನಡ ಸತ್ಯವೇದದ ತಿದ್ದುಪಡಿಯಲ್ಲಿ ದುಡಿದವರೂ ಆಗಿದ್ದ ವೀಗ್ಲೆ ಅಯ್ಯನವರು 1855ರಲ್ಲಿ ತೀರಿಹೋದರು. ಆ ವಿಧವೆಯನ್ನು ಮೋಗ್ಲಿಂಗರೇ ಮದುವೆಯಾದರು. ಕಿಟ್ಟೆಲರ ಮೊದಲನೆಯ ಹೆಂಡತಿ 1864ರಲ್ಲಿ ತೀರಿಹೋದರು. ಮೂರು ವರುಷಗಳ ಮೇಲೆ ಆಕೆಯ ತಂಗಿಯೇ ಆ ಮನೆಗೆ ಬಂದರು.

ಆದರೆ ಸತ್ತವರನ್ನು ಹೂಣಿಟ್ಟು ಅಳಬಹುದು. ಬದುಕಿರುವ ಮಕ್ಕಳನ್ನು ಕಳುಹಿಸಿಬಿಡುವದು ಬೇರೆ ತರದ ದುಃಖ. ಮಿಶನೆರಿಗಳ ಮಕ್ಕಳು ಆರೇಳು ವರುಷದವರಾಗುತ್ತಲೇ ಅವರನ್ನು ಯುರೋಪಿಗೆ ಕಳುಹಿಸಬೇಕೆಂಬದು ಕಮಿಟಿಯವರ ಕಟ್ಟಳೆಯಾಯಿತು. ಅವರನ್ನು ಸಾಕುವದಕ್ಕಾಗಿ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆಯೊಂದು ಏರ್ಪಟ್ಟಿತು. ಸ್ವದೇಶಕ್ಕೆ ತಿರುಗಿ ಹೋಗುವ ಯಾರಾದರೊಬ್ಬ ಮಿಶನೆರಿಯ ಕುಟುಂಬದವರ ಸಂಗಡ ಮಗುವನ್ನು ಹಡಗಿಗೆ ಏರಿಸುವರು. ಮುಂದೆ ತಾಯಿ ಮಕ್ಕಳ ನಡುವೆ ಉಳಿಯುವದು ಕಾಗದ ಮಾತ್ರ. ಒಂದು ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ಎಷ್ಟೋ ಮಂದಿ ತಂದೆತಾಯಿಗಳು ತಮ್ಮ ಮಕ್ಕಳನ್ನು ತಿರುಗಿ ಕಂಡದ್ದು ಹತ್ತು ವರುಷಗಳಾದ ಮೇಲೆಯೇ. ಇಂಥ ತಾಯಿಯು ಅಂಗಿಯನ್ನು ಹೊಲಿಯುವದಾದರೂ ಯಾವ ಅಳತೆಗೆ ಹೊಲಿದಾಳು?

ಈ ಕಟ್ಟಳೆಗೆ ಕಾರಣಗಳಿದ್ದವು. ಒಂದನೆಯದು ಕಾಯಿಲೆ. ಜ್ವರ, ಭೇದಿ ಇವುಗಳಿಂದ ಎಳೆಗೂಸುಗಳು ಬಹಳವಾಗಿ ಸಾಯುತ್ತಿದ್ದವು. ಮಿಶನಿನ ಹಳೆಯ ಸ್ಮಶಾನಗಳಲ್ಲಿ ಮೊಳದುದ್ದದ ಕಲ್ಲುಗಳು ಇದಕ್ಕೆ ಸಾಕ್ಷಿ. ಎರಡನೆಯದು ವಿದ್ಯೆ. ಜರ್ಮನ್ ಭಾಷೆಯ ಶಾಲೆ ಇಲ್ಲಿ ಇರಲಿಲ್ಲ. ಇವೆರಡನ್ನೂ ನಾವು ಒಪ್ಪುತ್ತೇವೆ. ಮೂರನೆಯ ಕಾರಣವೊಂದುಂಟು. ಮಕ್ಕಳು ಆಳುಕಾಳುಗಳ ಬಳಿಯಲ್ಲಿಯೂ ಅಂಗಳದ ಜೊತೆಗಾರರ ಬಳಿಯಲ್ಲಿಯೂ ಬೆಳೆದರೆ ಈ ದೇಶದವರ ಮಾತು, ನಡತೆ, ಮನಸ್ಸು ಅವರಿಗೆ ಅಂಟೀತೆಂಬ ಭಯ. ಇದನ್ನು ಮರೆಮಾಡಿ ಪಾಠ ಹೇಳುವದು ಸತ್ಯವಲ್ಲ. ಆ ಜೊತೆಗಾರರು ಯಾರು? ಬಹಳವಾಗಿ ಸಭೆಯವರ ಮಕ್ಕಳೇ, ಅಂದರೆ ನಮ್ಮ ಅಜ್ಜಂದಿರೂ ಮುತ್ತಜ್ಜಿಯರೂ. ಭಾನುವಾರದಲ್ಲಿ ನಾವೆಲ್ಲರೂ ಒಂದೇ ದೇಹದ ಅಂಗಗಳೆಂದು ಬೋಧಿಸಿ, ಸೋಮವಾರದಲ್ಲಿ ಆ ಅಂಗಗಳ ಸಹವಾಸಕ್ಕೆ ಹೆದರುವದು ಯಾವ ನ್ಯಾಯ? ಕಮಿಟಿಯವರು ದುಷ್ಟರಲ್ಲ. ಆದರೂ ಈ ಮಾತಿನಲ್ಲಿ ಅವರು ತಪ್ಪಿದರೆಂದೇ ನಮ್ಮ ಅಭಿಪ್ರಾಯ.

ಆ ಭಯವು ಅವರಲ್ಲಿ ಎಲ್ಲಾ ಕಡೆಯೂ ಒಂದೇ ತರವಾಗಿರಲಿಲ್ಲವೆಂಬದನ್ನೂ ಹೇಳಬೇಕು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯೌವನಸ್ಥನನ್ನು 1846ರಲ್ಲಿ ಬಾಸೆಲಿಗೇ ಕರಕೊಂಡು ಹೋಗಿ, ಅಲ್ಲಿನ ಸೆಮಿನೆರಿಯಲ್ಲಿ ಜರ್ಮನ್ ಹುಡುಗರ ಸಮಕ್ಕೆ ಕೂರಿಸಿ ಓದಿಸಿದರು. 1851ರಲ್ಲಿ ಅವರು ಪಾದ್ರಿಯಾಗಿ ತಿರುಗಿ ಬಂದರು. ಅನಂತರ 1860ರಲ್ಲಿ ಜರ್ಮನಿಯ ಕನ್ಯೆಯನ್ನು ಮದುವೆಯಾಗಿ ಬಾಳಿದರು. ಇಲ್ಲಿಂದ ಅಲ್ಲಿಗೆ ಹೋದ ಮಗನಿಗೆ ಅಷ್ಟು ಎಡೆಯಿದ್ದ ಮೇಲೆ, ಅಲ್ಲಿಯವರ ಮಕ್ಕಳಿಗೆ ಇಲ್ಲಿನ ಅಂಗಳದಲ್ಲಿ ಎಡೆಯಿಲ್ಲದೆ ಹೋದದ್ದು ಯಾಕೆ?

ಇನ್ನು ಒಂದು ಮನೆಯ ವೃತ್ತಾಂತ. ಮಲೆಯಾಳ ನಿಘಂಟನ್ನು ಮಾಡಿದ ಗುಂಡರ್ಟ್ ಅಯ್ಯನವರೂ ಅವರ ಹೆಂಡತಿ ಜೂಲಿ ಅಮ್ಮನವರೂ 1839ರಿಂದ ತಲಶೇರಿಯಲ್ಲಿದ್ದರು. ಅಮ್ಮನವರು ಅಲ್ಲಿ ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಶಾಲೆ ನಡಿಸಿದರು. ಅವರ ಮಗಳಾದ ಮರೀಯಳು 1842ರಲ್ಲಿ ಅಲ್ಲಿಯೇ ಹುಟ್ಟಿದಳು. ಮಕ್ಕಳ ಮನೆ ಇನ್ನೂ ಹುಟ್ಟಿರಲಿಲ್ಲವಾದರೂ, 1846ರಲ್ಲಿ ತಂದೆತಾಯಿಗಳು ಯುರೋಪಿನಿಂದ ತಿರುಗಿ ಹೊರಟಾಗ ಆ ನಾಲ್ಕು ವರುಷದ ಕೂಸನ್ನು ಅಲ್ಲಿ ಪರರ ಕೈಯಲ್ಲಿ ಬಿಟ್ಟುಬಂದರು. ತಾಯಿಯು ತಲಶೇರಿಗೆ ಬಂದು ತಿರುಗಿ ಊರವರ ಹೆಣ್ಣುಮಕ್ಕಳ ತಲೆ ಬಾಚಿ, ಅವರಿಗೆ ಹೊಲಿಗೆ ಕಲಿಸಿ, ಜ್ವರ ಬಂದಾಗ ಅವರ ಬಳಿಯಲ್ಲಿ ಕೂತಿದ್ದರು. ನಮ್ಮ ಪಾಠದಲ್ಲಿ ನಮ್ಮನ್ನು ಹೆಚ್ಚಾಗಿ ಚುಚ್ಚುವದು ಇದೇ. ನಮ್ಮ ಸಭೆಗಳ ಮೊದಲನೆಯ ತಾಯಂದಿರಲ್ಲಿ ಅನೇಕರು ಇಂಥ ಮನೆಗಳಲ್ಲಿ ಬೆಳೆದರು. ಅವರಿಗೆ ಸಿಕ್ಕಿದ ಮಡಿಲು ಇನ್ನೊಂದು ಮಗುವಿಗೆ ಇಲ್ಲದೆಹೋದ ಮಡಿಲು. ಉಪದೇಶಿಗಳು ಸ್ತ್ರೀಯರ ಕೂಟದಲ್ಲಿ ಈ ಪಾಠ ಹೇಳುವಾಗ ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾಯಂದಿರನ್ನೇ ಮಾತಾಡಗೊಡಿಸಿದರೆ ಒಳ್ಳೇದು. ಹನ್ನಳ ಹರಕೆಯು ಆಕೆಯದೇ. ಈ ಅಮ್ಮನವರ ಹರಕೆಯೋ ಅರ್ಧ ಅವರದು, ಅರ್ಧ ಕಟ್ಟಳೆಯದು. ಆ ಕೂಸನ್ನಂತೂ ಯಾರೂ ಕೇಳಲಿಲ್ಲ.

ಮರೀಯಳು ತಿರುಗಿ ಈ ಪಶ್ಚಿಮ ಕರಾವಳಿಗೆ ಬಂದದ್ದು 1857ರಲ್ಲಿ, ಹದಿನೈದು ವರುಷದವಳಾಗಿ. ಹುಟ್ಟಿದ ಊರೂ ಹೆತ್ತ ತಾಯಿಯೂ ಆಕೆಗೆ ಹೊಸದಾಗಿ ಪರಿಚಯವಾಗಬೇಕಾಯಿತು. ಎರಡು ವರುಷಗಳಲ್ಲಿ ತಂದೆಯ ಕಾಯಿಲೆಯ ದೆಸೆಯಿಂದ ಅವರು ಈ ದೇಶವನ್ನು ಬಿಡಬೇಕಾಗಿ ಬಂತು. ಮುಂದೆ ಆಕೆಯೂ ಮಿಶನೆರಿಯೊಬ್ಬರನ್ನು ಮದುವೆಯಾಗಿ ಸಿಂಧ್ ಪ್ರಾಂತಕ್ಕೆ ಬಂದಳು, 1870ರಲ್ಲಿ ವಿಧವೆಯಾದಳು. 1874ರಲ್ಲಿ ಆಕೆ ಮದುವೆಯಾದದ್ದು ಯೊಹಾನ್ನೆಸ್ ಹೆಸ್ಸೆ ಎಂಬವರನ್ನು; ಅವರು ಮಂಗಳೂರಿನಲ್ಲಿ ಕೆಲಸಮಾಡಿ ಮೈಗೆ ಆಗದೆ 1873ರಲ್ಲಿ ತಿರುಗಿ ಹೋದವರು. ಅವರ ಮಗನಾದ ಹೆರ್ಮಾನ್ ಹೆಸ್ಸೆಯು ದೊಡ್ಡ ಗ್ರಂಥಕರ್ತನಾಗಿ 1946ರಲ್ಲಿ ನೊಬೆಲ್ ಬಹುಮಾನ ಹೊಂದಿದನೆಂಬದು ಲೋಕಕ್ಕೆಲ್ಲಾ ತಿಳಿದದ್ದು.

ಅಷ್ಟಾಗಿ ತಿಳಿಯದ ಮಾತೊಂದುಂಟು. ಅವನು ಆರು ವರುಷದವನಾಗಿದ್ದಾಗ, 1884ರಲ್ಲಿ, ತಂದೆತಾಯಿಗಳು ಬಾಸೆಲಿನಲ್ಲಿಯೇ ವಾಸವಾಗಿದ್ದರೂ, ಆ ಹಟದ ಹುಡುಗನನ್ನು ಸಂಭಾಳಿಸಲಾರದೆ, ಮಿಶನೆರಿಗಳ ಮಕ್ಕಳಿಗಾಗಿ ಕಟ್ಟಿದ ಹುಡುಗರ ಮನೆಯಲ್ಲಿ ಕೆಲವು ತಿಂಗಳು ಇಟ್ಟರು. ಆದರೆ ಈ ಮನೆಗೂ ಆ ಮನೆಗೂ ನಡುವೆ ಸಮುದ್ರವಿರಲಿಲ್ಲ. ಭಾನುವಾರಗಳಲ್ಲಿ ಅವನು ತಾಯಿಯ ಬಳಿಗೆ ಬರುತ್ತಿದ್ದನು.