ಮರಳಿಗೆ ಮುಂಚೆ ಕಲ್ಲು

ನಾಲ್ಕಡಿ ಟ್ಯಾಂಕ್ ತಂದಿದ್ದೀಯ, ಅದರಲ್ಲಿ ಮಲಾವಿ ಸರೋವರದ ಎಂಬೂನಾ ಸಿಕ್ಲಿಡ್ ಸಾಕಬೇಕು ಅಂತಿದ್ದೀಯ. ಬಹಳ ಸಂತೋಷ, ಮಗು. ಮೀನು ತರುವ ಆತುರಕ್ಕೆ ಕಲ್ಲಿನ ಕೆಲಸವನ್ನು ಮಾತ್ರ ಬೇಗಬೇಗ ಮುಗಿಸಿಬಿಡಬೇಡ. ಆಫ್ರಿಕಾದ ಆ ಸರೋವರ 550 ಕಿ.ಮೀ.ಗೂ ಮಿಕ್ಕಿ ಉದ್ದವಿದೆ. ಅಷ್ಟು ನೀರಿದ್ದರೂ ಈ ಮೀನುಗಳ ಸಂಸಾರವೆಲ್ಲ ದಡದ ಬಂಡೆಗಳ ಸುತ್ತಲೇ. ಬಂಡೆಯ ಮೇಲಿನ ಪಾಚಿ ಕೆರೆದು ತಿನ್ನುತ್ತವೆ, ಅದರ ಸಂದಿಯಲ್ಲಿ ಅಡಗುತ್ತವೆ, ಆ ಸಂದಿಗಾಗಿಯೇ ಹೊಡೆದಾಡುತ್ತವೆ.

ಇವು ಅಗೆಯುವ ಮೀನುಗಳು ಅನ್ನುವುದನ್ನು ಮರೆಯಬೇಡ. ಮೊಟ್ಟೆಯ ಕಾಲ ಬಂತೆಂದರೆ ಗಂಡು ಕಲ್ಲಿನ ಬುಡ ಹಿಡಿದು ಕೂರುತ್ತದೆ. ಬಾಯಿ ತುಂಬ ಮರಳು ಕಚ್ಚಿ, ಒಂದು ಗೇಣು ಆಚೆ ಹೋಗಿ ಉಗುಳಿ, ಮತ್ತೆ ಬಂದು ಕಚ್ಚುತ್ತದೆ. ಬೆಳಗಾಗುವಷ್ಟರಲ್ಲಿ ತಳದ ಗಾಜು ಕಾಣುವಂತೆ ಗುಂಡಿ ತೋಡಿರುತ್ತದೆ. ಮರಳಿನ ಮೇಲೆ ಕಲ್ಲು ಕೂರಿಸಿದ್ದರೆ ಅದು ವಾಲುತ್ತದೆ. ಕೆಳಗಿದ್ದ ಮೀನು ಜಜ್ಜಿಹೋಗುತ್ತದೆ, ಇಲ್ಲವೇ ಗಾಜು ಸೀಳುತ್ತದೆ. ಅದಕ್ಕೇ ಹೇಳುವುದು, ಬರೀ ತಳದ ಮೇಲೆ ಮೊದಲು ಕಲ್ಲು ಕೂರಿಸು. ಗಾಜಿಗೂ ಕಲ್ಲಿಗೂ ನಡುವೆ ತೆಳುವಾದ ಅಕ್ರಿಲಿಕ್ ಹಾಳೆ ಹಾಸು, ಚೂಪು ಮೂಲೆ ಒಂದೇ ಕಡೆ ಗಾಜನ್ನು ಒತ್ತಬಾರದು. ಮರಳು ಆಮೇಲೆ, ಕಲ್ಲಿನ ಸುತ್ತ.

ಜೋಡಿಸುವ ಕೆಲಸವನ್ನು ಮೊದಲು ನೆಲದ ಮೇಲೆ ಮಾಡು. ಟ್ಯಾಂಕಿನ ಅಳತೆಗೆ ಹಳೇ ಪೇಪರ್ ಹಾಸಿಕೊಂಡು, ಅಗಲವಾದ ದೊಡ್ಡ ಕಲ್ಲುಗಳನ್ನು ಅಡಿಗೆ ಇಡು. ಮೇಲಿನ ಪ್ರತಿ ಕಲ್ಲೂ ಕೆಳಗಿನವುಗಳ ಮೇಲೆ ಮೂರು ಕಡೆ ಊರಿರಲಿ. ಮೂರು ಗುಂಡಿನ ಒಲೆಯ ಮೇಲೆ ಪಾತ್ರೆ ಅಲ್ಲಾಡದೆ ಕೂರುವ ಹಾಗೆ ಅದು ಕೂರುತ್ತದೆ. ಒಂದೊಂದು ಕಲ್ಲಿಟ್ಟಾಗಲೂ ಅಂಗೈಯಿಂದ ನಾಲ್ಕೂ ಕಡೆಗೆ ದೂಡಿ ನೋಡು. ಕಟಕ್ ಅಂತ ಸದ್ದು ಬಂದರೆ ತೆಗೆದು, ತಿರುಗಿಸಿ, ಮತ್ತೆ ಇಡು. ಸಣ್ಣ ಚಕ್ಕೆ ತುರುಕಿ ಅಲುಗಾಟ ನಿಲ್ಲಿಸುವುದು ಬೇಡ, ಆ ಚಕ್ಕೆಯನ್ನೇ ಮೀನು ಎಳೆದುಹಾಕಬಹುದು. ಎತ್ತರ ಬೇಕೇ ಬೇಕಾದರೆ ಅಕ್ವೇರಿಯಂಗೆಂದೇ ಬರುವ ಸಿಲಿಕೋನ್‌ನಿಂದ ಅಂಟಿಸಿ, ವಿನಿಗರ್‌ನಂಥ ವಾಸನೆ ಪೂರ್ತಿ ಹೋಗುವವರೆಗೆ ಒಣಗಲು ಬಿಡು. ಬೂಷ್ಟು ತಡೆಯುವ ಮದ್ದು ಬೆರೆಸಿದ, ಬಚ್ಚಲುಮನೆಯ ಸಿಲಿಕೋನ್ ತರಬೇಡ.

ಗುಹೆಗಳ ಬಗ್ಗೆ ಹೆಚ್ಚು ಯೋಚನೆ ಮಾಡು. ಈ ಜಾತಿಯ ತಾಯಿ ಮೊಟ್ಟೆ ಮರಿಗಳನ್ನು ಸುಮಾರು ಮೂರು ವಾರ ಬಾಯಲ್ಲೇ ಇಟ್ಟುಕೊಂಡಿರುತ್ತದೆ, ಆ ದಿನಗಳಲ್ಲಿ ಹೆಚ್ಚುಕಮ್ಮಿ ಉಪವಾಸ. ದೊಡ್ಡ ಗಂಡು ನುಗ್ಗಲಾರದ ಕಿರಿದಾದ ಸಂದಿ ಅದಕ್ಕೆ ಬೇಕು. ಪ್ರತಿ ಗುಹೆಗೂ ಎರಡು ಬಾಯಿರಲಿ. ಒಂದೇ ಬಾಯಿದ್ದರೆ ಅಟ್ಟಿಸಿಕೊಂಡ ಮೀನು ಒಳಗೇ ಸಿಕ್ಕಿ ಏಟು ತಿನ್ನುತ್ತದೆ. ಕಲ್ಲಿನ ರಾಶಿಯನ್ನು ಹಿಂದಿನ ಗಾಜಿಗೆ ಒರಗಿಸಬೇಡ. ನಾಲ್ಕು ಬೆರಳು ಜಾಗ ಬಿಟ್ಟರೆ ನೀರೂ ಹರಿಯುತ್ತದೆ, ಓಡುವ ಮೀನಿಗೂ ದಾರಿಯಾಗುತ್ತದೆ. ಹೀಟರ್‌ಗೆ ಕಲ್ಲು ತಾಗಬಾರದು.

ಇನ್ನೊಂದು ವಿಷಯ ಗಮನದಲ್ಲಿರಲಿ. ಹತ್ತು ಕಿಲೋ ಗ್ರಾನೈಟ್ ನೀರೊಳಗೆ ಆರು ಕಿಲೋ ಚಿಲ್ಲರೆಯಷ್ಟೇ ತೂಗುತ್ತದೆ. ಸ್ವಚ್ಛ ಮಾಡಲು ಎತ್ತುವಾಗ ಹಗುರವಾಗಿಯೇ ಮೇಲೆ ಬರುತ್ತದೆ. ನೀರಿನಿಂದ ಹೊರಬರುತ್ತಿದ್ದಂತೆ ಪೂರ್ತಿ ಭಾರ ಕೈಗೆ ಬೀಳುತ್ತದೆ. ಪಾಚಿ ಹಿಡಿದ ಕಲ್ಲು ಜಾರುವುದು ಆಗಲೇ. ಎರಡೂ ಕೈ ಕೆಳಗೆ ಕೊಟ್ಟು ಎತ್ತು.

ಇನ್ನು ಕಲ್ಲಿನ ಆಯ್ಕೆ. ನಮ್ಮ ಕಡೆ ಸಿಗುವ ಗ್ರಾನೈಟ್ ಧಾರಾಳವಾಗಿ ಆಗುತ್ತದೆ. ವಿನಿಗರ್ ಹನಿಸಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದು ಅರ್ಥ. ಮಲಾವಿಯ ನೀರು ಕ್ಷಾರೀಯವಾದ್ದರಿಂದ ಈ ಮೀನುಗಳಿಗೆ ಅದರಿಂದ ತೊಂದರೆಯಿಲ್ಲ, ಮೆದು ನೀರಿನ ಡಿಸ್ಕಸ್ ಸಾಕುವವರು ಮಾತ್ರ ದೂರವಿಡಬೇಕು. ತುಕ್ಕಿನ ಕಲೆಯೋ ಲೋಹದ ಹೊಳಪಿನ ಗೆರೆಯೋ ಕಂಡರೆ ಅಲ್ಲೇ ಬಿಟ್ಟು ಬಾ. ತಂದದ್ದನ್ನು ಬ್ರಷ್ ಹಾಕಿ ಬಿಸಿನೀರಲ್ಲಿ ಉಜ್ಜು. ಸೋಪು ಬೇಡ. ಒಲೆಯ ಮೇಲಿಟ್ಟು ಕುದಿಸಲೂಬೇಡ, ಒಳಗೆ ನೀರಿನ ಪಸೆ ಇದ್ದರೆ ಕಲ್ಲು ಸಿಡಿಯಬಹುದು.