ಬೊಜ್ಜು ಮತ್ತು ಕ್ಯಾನ್ಸರ್: ಸೊಂಟದ ಅಳತೆಯಿಂದ ಆರಂಭಿಸಬೇಕಾದ ಎಚ್ಚರ

ದೇಹದಲ್ಲಿ ಶೇಖರವಾಗುವ ಹೆಚ್ಚುವರಿ ಕೊಬ್ಬು ಮಧುಮೇಹಕ್ಕಷ್ಟೇ ಅಲ್ಲದೆ ಕ್ಯಾನ್ಸರಿಗೂ ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಸ್ತನ, ಗರ್ಭಕೋಶ, ದೊಡ್ಡ ಕರುಳು, ಯಕೃತ್ತು, ಮೂತ್ರಪಿಂಡ ಸೇರಿದಂತೆ 13 ಬಗೆಯ ಕ್ಯಾನ್ಸರುಗಳಲ್ಲಿ ಈ ನಂಟನ್ನು ಗುರುತಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲೂ ಪುರುಷರಲ್ಲೂ ಸುಮಾರು ಶೇ 30ರಷ್ಟು ಮಂದಿ ಅಧಿಕ ತೂಕದವರಾಗಿದ್ದಾರೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಲಗ್ಗೆರೆಯಂತಹ ಬಡಾವಣೆಗಳಲ್ಲಿ, ಹೊಲಿಗೆ ಯಂತ್ರದ ಮುಂದೆಯೋ ಆಟೊದಲ್ಲಿಯೋ ದಿನವಿಡೀ ಕುಳಿತು ದುಡಿಯುವವರು ಈ ಹಂತಗಳನ್ನು ಅನುಸರಿಸುವುದು ಒಳಿತು.

ಹಂತ 1: ಕಾರಣವನ್ನು ಅರಿಯುವುದು
ಮುಟ್ಟು ನಿಂತ ಬಳಿಕ ಮಹಿಳೆಯರಲ್ಲಿ ಅಂಡಾಶಯದ ಬದಲು ಕೊಬ್ಬಿನ ಅಂಗಾಂಶವೇ ಈಸ್ಟ್ರೋಜನ್ ಎಂಬ ಹಾರ್ಮೋನಿನ ಮುಖ್ಯ ಮೂಲವಾಗುವುದರಿಂದ, ಕೊಬ್ಬು ಹೆಚ್ಚಿದಷ್ಟೂ ಆ ಹಾರ್ಮೋನು ಹೆಚ್ಚಿ, ಸ್ತನ ಮತ್ತು ಗರ್ಭಕೋಶದ ಒಳಪದರದ ಜೀವಕೋಶಗಳನ್ನು ಮತ್ತೆ ಮತ್ತೆ ವಿಭಜನೆಗೆ ಪ್ರಚೋದಿಸುತ್ತದೆ. ಪುರುಷರಲ್ಲಿ ಕೊಬ್ಬು ಹೆಚ್ಚಾಗಿ ಹೊಟ್ಟೆಯೊಳಗೆ, ಅಂಗಗಳ ಸುತ್ತ ಕೂಡುತ್ತದೆ. ಇದು ಇನ್ಸುಲಿನ್ ಮಟ್ಟವನ್ನು ಏರಿಸಿ, ದೀರ್ಘಕಾಲದ ಉರಿಯೂತವನ್ನು ಉಂಟುಮಾಡುತ್ತದೆ; ಇವೆರಡೂ ಕ್ಯಾನ್ಸರಿಗೆ ಎಡೆಮಾಡಿಕೊಡಬಲ್ಲವು. ಬೊಜ್ಜಿಗೂ ಕರುಳಿನ ಕ್ಯಾನ್ಸರಿಗೂ ಇರುವ ನಂಟು ಮಹಿಳೆಯರಿಗಿಂತ ಪುರುಷರಲ್ಲಿ ಬಲವಾಗಿದೆ.

ಹಂತ 2: ಸೊಂಟವನ್ನು ಅಳೆಯುವುದು
ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಬಳಿಕ ಅಳೆಯಬೇಕು. ಭಾರತೀಯರಲ್ಲಿ ಮಹಿಳೆಯರಿಗೆ 80 ಸೆಂ.ಮೀ., ಪುರುಷರಿಗೆ 90 ಸೆಂ.ಮೀ. ಮೀರಿದರೆ ಅದು ಎಚ್ಚರಿಕೆಯ ಗುರುತು.

ಹಂತ 3: ಬಿಎಂಐ ಲೆಕ್ಕ
ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ. 1.55 ಮೀಟರ್ ಎತ್ತರದ, 65 ಕೆ.ಜಿ. ತೂಕದ ವ್ಯಕ್ತಿಗೆ ಇದು 27 ಆಗುತ್ತದೆ. ಭಾರತೀಯರಿಗೆ 23ರಿಂದಲೇ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ವೈದ್ಯರು ಪರಿಗಣಿಸುತ್ತಾರೆ.

ಹಂತ 4: ಅಡುಗೆಮನೆ ಮತ್ತು ನಡಿಗೆ
ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಸುಮಾರು 3 ಲೀಟರ್ ಅಡುಗೆ ಎಣ್ಣೆ ಸಾಕು. ತಟ್ಟೆಯಲ್ಲಿ ಅನ್ನದ ಪಾಲನ್ನು ತಗ್ಗಿಸಿ, ಸೊಪ್ಪಿನ ಸಾರು, ಹುರುಳಿ, ಕೋಸಂಬರಿಗಳಿಗೆ ಹೆಚ್ಚು ಜಾಗ ಕೊಡಬೇಕು. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯೂ ಬೇಕು.

ಹಂತ 5: ತಪಾಸಣೆ
30 ವರ್ಷ ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ ನಮ್ಮ ಕ್ಲಿನಿಕ್‌ನಲ್ಲಿ ತಪಾಸಣೆಯ ಬಗ್ಗೆ ವಿಚಾರಿಸಬೇಕು. ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತಸ್ರಾವ, ಮಲದಲ್ಲಿ ರಕ್ತ ಇವುಗಳನ್ನು ಸಂಕೋಚದಿಂದ ಮುಚ್ಚಿಡದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಮುಂದಿನ ಪರೀಕ್ಷೆ ಮತ್ತು ಚಿಕಿತ್ಸೆಗೆ ವ್ಯವಸ್ಥೆಯಿದೆ.

ತೆಳ್ಳಗಿರುವವರಿಗೆ ಕ್ಯಾನ್ಸರ್ ಬಾರದೆಂದಾಗಲಿ, ಬೊಜ್ಜಿರುವವರಿಗೆ ಬಂದೇ ಬರುತ್ತದೆಂದಾಗಲಿ ಇದರ ಅರ್ಥವಲ್ಲ. ಆದರೆ ವಯಸ್ಸನ್ನೂ ವಂಶವನ್ನೂ ಬದಲಿಸಲಾಗದು, ಸೊಂಟದ ಸುತ್ತಳತೆಯನ್ನು ತಗ್ಗಿಸಬಹುದು. ಪ್ರತಿ ಮನೆಯೂ ಈ ವಾರವೇ ಒಂದು ಟೇಪು ಹಿಡಿದು ಅಳೆದು, ಆ ಅಳತೆಯನ್ನು ಬರೆದಿಟ್ಟುಕೊಳ್ಳಲಿ.